ಮರದ ಮೇಲೆ ಊಟಕ್ಕೆ ಕೂತ ನೀಲಕ್ಕ

ಬೇಳೆಗೆ ಉಪ್ಪು ಹಾಕಿದ ಕೂಡಲೇ ನೀಲಕ್ಕ ಮನೆಯಿಡೀ ಕೇಳುವಂತೆ "ಉಪ್ಪು ಹಾಕೀನಿ!" ಎಂದು ಕೂಗುತ್ತಿದ್ದರು. ಮನೆಯಲ್ಲಿ ಇನ್ನೊಬ್ಬರು ಇರಲಿ, ಇಲ್ಲದಿರಲಿ, ಕೂಗು ತಪ್ಪುತ್ತಿರಲಿಲ್ಲ. ಲಂಡನ್ನಿನ ಕಿಂಗ್ಸ್‌ಬರಿಯ ಆ ಮನೆಯ ಮೇಲಿನ ಕೋಣೆಗೆ ನಾನು ಬಾಡಿಗೆಗೆ ಬಂದ ಮೊದಲ ದಿನ, ಸೂಟ್‌ಕೇಸ್ ಇನ್ನೂ ಬಿಚ್ಚಿರಲಿಲ್ಲ, ಕೆಳಗಿನಿಂದ ಈ ಕೂಗು ಬಂತು. ಬೆಂಕಿಗಿಂಕಿ ಬಿತ್ತೇನೋ ಎಂದು ಮೆಟ್ಟಿಲು ಹಾರಿಕೊಂಡು ಇಳಿದೆ. ಒಲೆಯ ಮುಂದೆ ಇಳಕಲ್ ಸೀರೆಯ ಮೇಲೆ ಕಾರ್ಡಿಗನ್ ತೊಟ್ಟು, ಕಾಲಿಗೆ ಟ್ರೇನರ್ಸ್ ಬೂಟು ಹಾಕಿಕೊಂಡ ದಪ್ಪನೆಯ ಹೆಂಗಸು ಸೌಟು ಹಿಡಿದು ನಿಂತಿದ್ದರು.

"ಯಾಕ ಹಿಂಗ ಓಡಿ ಬಂದಿ ಡೂಡೂ? ಉಪ್ಪು ಹಾಕೀನಿ ಅಂತ ಹೇಳಿದೆ, ಅಷ್ಟ. ನೀ ಮತ್ತ ಹಾಕಿಗೀಕಿ ಅಂತ."

"ನಿಮ್ಮ ಸಾರಿಗೆ ನಾನ್ಯಾಕೆ ಉಪ್ಪು ಹಾಕಲಿ?"

"ಯಾರಿಗೆ ಗೊತ್ತು," ಎಂದು ಅವರು ಬೇಳೆಯ ಕಡೆ ತಿರುಗಿದರು.

ಅದು ತೊಂಬತ್ತರ ದಶಕದ ಕೊನೆ. ನಾನು ಬೆಂಗಳೂರಿನಿಂದ ಕೆಲಸದ ವೀಸಾ ಮೇಲೆ ಬಂದು ಅಕ್ಸ್‌ಬ್ರಿಡ್ಜ್‌ನ ಆಫೀಸೊಂದರಲ್ಲಿ ಸೇರಿದ್ದೆ. ನೀಲಕ್ಕನ ಮಗಳು ವಿದ್ಯಾ ಅದೇ ಆಫೀಸಿನಲ್ಲಿದ್ದಳು. ಅಪ್ಪ ತೀರಿಕೊಂಡು ವರ್ಷವಾಗಿದೆ, ಅಮ್ಮ ಒಬ್ಬಳೇ ಇದ್ದಾಳೆ, ಮೇಲೊಂದು ಕೋಣೆ ಖಾಲಿ ಇದೆ ಎಂದು ಅವಳೇ ನನ್ನನ್ನು ಅಲ್ಲಿಗೆ ಕಳಿಸಿದ್ದು. ಒಂದು ವರ್ಷಕ್ಕೆಂದು ಹೋದವಳು ನಾಲ್ಕು ವರ್ಷ ಇದ್ದೆ.

ನೀಲಕ್ಕ ವಿಜಯಪುರದ ಕಡೆಯವರು. ಸಿಂದಗಿಯ ಹತ್ತಿರದ ಹಳ್ಳಿ. ಗಂಡ ಶಿವಪ್ಪ ಲಂಡನ್ನಿನಲ್ಲಿ ಬಸ್ ಡ್ರೈವರ್. ಅವರ ಹಿಂದೆ ಎಪ್ಪತ್ತರ ದಶಕದಲ್ಲಿ ಬಂದ ನೀಲಕ್ಕ ಕೆಲವು ವರ್ಷ ಮನೆಯಲ್ಲಿದ್ದು, ಆಮೇಲೆ ಪಾರ್ಕ್ ರಾಯಲ್‌ನ ಕಾರ್ಖಾನೆಯೊಂದಕ್ಕೆ ಸೇರಿದರು. ಸೂಪರ್‌ಮಾರ್ಕೆಟ್ಟಿನವರು ಪೊಟ್ಟಣದಲ್ಲಿಟ್ಟು ಮಾರುವ ಊಟಕ್ಕೆ ಗ್ರೇವಿ ಮಾಡುವ ಕೆಲಸ. ಆಳೆತ್ತರದ ಉಕ್ಕಿನ ಹಂಡೆಗಳಲ್ಲಿ ದಿನವಿಡೀ ಕೆಂಪನೆಯ ಗ್ರೇವಿ ಕುದಿಯುತ್ತಿತ್ತು.

"ಅದಕ್ಕ ಕರಿ ಅಂತ ಕರೀತಾರ. ನಮ್ಮೂರಾಗ ಅಂಥಾದ್ದು ದನದ ಮುಂದನೂ ಇಡೂದಿಲ್ಲ," ಎನ್ನುತ್ತಿದ್ದರು. "ಆದ್ರ ಮಾಡೂದು ಮಾತ್ರ ಚಲೋತ್ನಾಗಿ ಮಾಡ್ತೀನಿ. ತಿನ್ನಾಂವ ಒಬ್ಬಾಂವ ಇರ್ತಾನಲ್ಲ."

ಕನ್ನಡದವರ ಯುಗಾದಿ ಊಟಕ್ಕೆ ಶಾಲೆಯೊಂದರ ಹಾಲ್‌ನಲ್ಲಿ ಸೇರಿದಾಗ ಎಲ್ಲರೂ ತಂತಮ್ಮ ಊರಿನ ಮಾತನ್ನು ಮಡಚಿಟ್ಟು ಬೆಂಗಳೂರಿನ ಕನ್ನಡ ಆಡುತ್ತಿದ್ದರು. ನೀಲಕ್ಕ ಮಡಚುತ್ತಿರಲಿಲ್ಲ. ಸ್ಟ್ಯಾನ್ಮೋರಿನ ಡಾಕ್ಟರೊಬ್ಬರ ಹೆಂಡತಿ ಒಮ್ಮೆ "ನೀವು ಫುಡ್ ಇಂಡಸ್ಟ್ರಿನಲ್ಲಿ ಇದೀರಂತೆ?" ಎಂದು ಕೇಳಿದರು. "ಇಂಡಸ್ಟ್ರಿ ಏನಿಲ್ರಿ, ನಾ ಗ್ರೇವಿ ತಿರುವಾಕಿ," ಎಂದು ನೀಲಕ್ಕ ಕೈಯಿಂದ ತಿರುವಿ ತೋರಿಸಿದರು. ಆ ದಿನ ಸಾರಿನ ಪಾತ್ರೆಯ ಪಕ್ಕ ಅವರೇ ಕಾವಲು ನಿಂತಿದ್ದರು. ಉಪ್ಪು ಬಿದ್ದ ಮೇಲೆ ಹಾಲ್ ತುಂಬ ಕೂಗು ಕೇಳಿತು. ಮಕ್ಕಳು ನಕ್ಕವು. ನಾನೂ ನಕ್ಕೆ.

ಅವರ ಇಂಗ್ಲಿಷ್ ಇನ್ನೊಂದು ವಿಚಿತ್ರ. ನಮ್ಮ ದೇಶದ ಇಂಗ್ಲಿಷೂ ಅಲ್ಲ, ಇಲ್ಲಿನವರದೂ ಅಲ್ಲ. ಹಾಡಿದಂತೆ ಏರಿ ಇಳಿಯುತ್ತಿತ್ತು. ಬಸ್ಸಿನ ಕಂಡಕ್ಟರನಿಗೆ, ಅಂಚೆಯವನಿಗೆ, ನನಗೆ, ಎಲ್ಲರಿಗೂ "ಡೂಡೂ." ನಾನು ಅದು ವಿಜಯಪುರದ ಮಾತೆಂದು ತಿಳಿದಿದ್ದೆ. ಯುಗಾದಿ ಊಟದಲ್ಲಿ ವಿಜಯಪುರದವರೊಬ್ಬರನ್ನು ವಿಚಾರಿಸಿದರೆ, ಅವರು ಅದು ಬೆಂಗಳೂರಿನ ಮಾತೆಂದು ತಿಳಿದಿದ್ದರಂತೆ.

ಅರವತ್ತು ತುಂಬಿ ನೀಲಕ್ಕ ಕೆಲಸದಿಂದ ನಿವೃತ್ತರಾದರು. ಕಾರ್ಖಾನೆಯವರು ಕ್ಯಾಂಟೀನಿನ ಗೋಡೆಗೆ ಅವರ ಫೋಟೋ ಹಾಕಿದರು, ಕೆಳಗೆ ಇಪ್ಪತ್ತು ವರ್ಷದ ಸೇವೆ ಎಂದು ಬರೆದು. ಮಗಳು ಅಳಿಯ ಎಲ್ಲಿಗಾದರೂ ಪ್ರವಾಸ ಕಳಿಸುತ್ತೇವೆ ಎಂದರು. ಕಾಶಿ ಎನ್ನುತ್ತಾರೆ, ಇಲ್ಲವೇ ಊರಿಗೆ ಎನ್ನುತ್ತಾರೆ ಎಂದುಕೊಂಡಿದ್ದೆವು.

"ನನಗ ಸೇಂಟ್ ಲೂಸಿಯಾಕ್ಕ ಹೋಗೂದೈತಿ," ಎಂದರು ನೀಲಕ್ಕ.

"ಮಮ್, ವೇರ್?" ಎಂದಳು ವಿದ್ಯಾ. ಅಮ್ಮನ ಕನ್ನಡಕ್ಕೆ ಅವಳ ಉತ್ತರ ಯಾವಾಗಲೂ ಇಂಗ್ಲಿಷಿನಲ್ಲೇ.

"ಕೆರಿಬಿಯನ್‌ದಾಗ ಐತಿ. ದ್ವೀಪ. ಅಲ್ಲಿ ನನ್ನ ಗೆಳತಿ ಒಬ್ಬಾಕಿ ಇದ್ದಾಳ."

ವಿದ್ಯಾ ಆಗ ಏಳು ತಿಂಗಳ ಬಸುರಿ. ಅವಳ ಡಾಕ್ಟರು ವಿಮಾನ ಬೇಡವೆಂದಿದ್ದರು. ಅವಳು ಕೇಳಿಕೊಂಡಳೆಂದು ಅಮ್ಮನ ಜೊತೆಗೆ ನಾನು ಹೊರಟೆ. ಒಂದು ವಾರದ ರಜೆ, ಸಮುದ್ರ ತೀರ. ನನಗೆ ಒಲ್ಲೆ ಎನ್ನಲು ಕಾರಣವೇನೂ ಇರಲಿಲ್ಲ.

ಗೆಳತಿಯ ಹೆಸರು ವರ್ನಾ. ವಿಮಾನದಲ್ಲಿ ಕೂತ ಎಂಟು ಗಂಟೆಯಲ್ಲಿ ನನಗೆ ತಿಳಿದದ್ದು ಇಷ್ಟು: ನೀಲಕ್ಕ ಕಾರ್ಖಾನೆಗೆ ಸೇರಿದಾಗ ವರ್ನಾ ಅಲ್ಲಿ ಆಗಲೇ ಹಳಬರು. ಬಲೆಯ ಟೊಪ್ಪಿಯೊಳಗೆ ಉದ್ದ ಜಡೆಯನ್ನು ಸುತ್ತಿಡುವುದು, ಶಿಫ್ಟಿನ ಲೆಕ್ಕ, ಬಾತ್‌ರೂಮಿಗೆ ಹೋಗಲು ಯಾರನ್ನು ಕೇಳಬೇಕು, ಯಾರನ್ನು ಕೇಳಬಾರದು, ಎಲ್ಲ ಕಲಿಸಿದವರು ಅವರೇ. ಇಂಗ್ಲಿಷನ್ನೂ. ನೀಲಕ್ಕನ ಹಾಡಿನಂಥ ಇಂಗ್ಲಿಷ್ ಎಲ್ಲಿಂದ ಬಂತೆಂದು ನನಗೆ ಆಗ ಗೊತ್ತಾಯಿತು. ಹದಿಮೂರು ವರ್ಷ ಒಂದೇ ಹಂಡೆಯ ಆಚೀಚೆ ನಿಂತು ಕೆಲಸ ಮಾಡಿದವರು. ಏಳು ವರ್ಷದ ಹಿಂದೆ ವರ್ನಾ ತಮ್ಮ ದ್ವೀಪಕ್ಕೆ ವಾಪಸು ಹೋಗಿದ್ದರು.

"ಯಾಕೆ ಹೋದರು?" ಎಂದೆ.

"ಹೋದಳು," ಎಂದು ನೀಲಕ್ಕ ಕಿಟಕಿಯ ಕಡೆ ನೋಡಿದರು. ಕಿಟಕಿಯಾಚೆ ಮೋಡವಲ್ಲದೆ ಬೇರೇನೂ ಇರಲಿಲ್ಲ.

ನೀಲಕ್ಕ ಮೊದಲೇ ಕಾಗದ ಬರೆದಿದ್ದರು, ಬರುತ್ತೇನೆ, ನಿನ್ನನ್ನು ಊಟಕ್ಕೆ ಕರೆದುಕೊಂಡು ಹೋಗಬೇಕು ಎಂದು. ವರ್ನಾ ಎರಡೇ ಸಾಲಿನ ಉತ್ತರ ಕಳಿಸಿದ್ದರು. "ಬರುವುದಾದರೆ ಮರದ ಮೇಲಿನ ಹೋಟೆಲಿಗೆ ಕರೆದುಕೊಂಡು ಹೋಗು. ಅದರ ಬುಡದಲ್ಲಿ ಏಳು ವರ್ಷದಿಂದ ಇದ್ದೇನೆ, ಒಮ್ಮೆಯೂ ಹತ್ತಿಲ್ಲ."

ಆ ಹೋಟೆಲು ಒಂದು ಗುಡ್ಡದ ಇಳಿಜಾರಿನಲ್ಲಿತ್ತು. ದೊಡ್ಡ ದೊಡ್ಡ ಮರಗಳ ಕಾಂಡವನ್ನು ಸುತ್ತುವರಿದು ಅಟ್ಟಗಳನ್ನು ಕಟ್ಟಿದ್ದರು. ಒಂದು ಅಟ್ಟಕ್ಕೆ ಒಂದೇ ಮೇಜು. ಅಟ್ಟದಿಂದ ಅಟ್ಟಕ್ಕೆ ಹಗ್ಗದ ಕಟಕಟೆಯ ಮರದ ಸೇತುವೆ. ಅಡಿಗೆಮನೆ ಕೆಳಗೆ, ನೆಲದ ಮೇಲೆ. ಊಟ ಒಂದು ಮರದ ಪೆಟ್ಟಿಗೆಯಲ್ಲಿ ರಾಟೆಯ ಮೂಲಕ ಮೇಲೇರಿ ಬರುತ್ತಿತ್ತು, ಬಂದಾಗ ಸಣ್ಣದೊಂದು ಗಂಟೆ ಬಾರಿಸುತ್ತಿದ್ದರು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಒಬ್ಬೊಬ್ಬರಿಗೆ ಮೂರು ಮೂರು ಗಾಜಿನ ಲೋಟ. ಎಲೆಗಳ ಸಂದಿಯಲ್ಲಿ ಕೆಳಗೆ ದೂರಕ್ಕೆ ಸಮುದ್ರ. ಮದುವೆಯಾದ ಹೊಸತರಲ್ಲಿ ಶ್ರೀಮಂತರು ಬರುವ ಜಾಗ ಎಂಬುದು ಸುತ್ತಲಿನ ಮೇಜುಗಳನ್ನು ನೋಡಿದರೆ ತಿಳಿಯುತ್ತಿತ್ತು.

ಸೇತುವೆಯ ಮುಂದೆ ನೀಲಕ್ಕ ಟ್ರೇನರ್ಸ್ ಕಳಚಿದರು.

"ಮೇಡಂ, ಬೂಟು ಹಾಕಿಕೊಂಡೇ ಬರಬಹುದು," ಎಂದ ನರೆಗೂದಲಿನ ವೇಟರ್.

"ನೋ ಡೂಡೂ. ಬರಿಗಾಲು ಗಟ್ಟಿ ಹಿಡಿತೈತಿ," ಎಂದು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಹೇಳಿ ಸೆರಗು ಸಿಕ್ಕಿಸಿಕೊಂಡು ನಡೆದರು. ವೇಟರ್ ಬೆರಗಾಗಿ ನನ್ನನ್ನು ನೋಡಿದ. "ಡೂಡೂ ಅಂತ ನಮ್ಮಲ್ಲಿ ಮುದ್ದಿನವರನ್ನು ಕರೆಯುತ್ತೇವೆ. ಇವರಿಗೆ ಯಾರು ಹೇಳಿಕೊಟ್ಟರು?"

ಹೇಳಿಕೊಟ್ಟವರು ಆಗಲೇ ಮೇಜಿನ ಮುಂದೆ ಕೂತಿದ್ದರು. ತೆಳ್ಳಗೆ, ಎತ್ತರಕ್ಕೆ, ಚರ್ಚಿಗೆ ಹೋಗುವ ನೀಲಿ ಟೊಪ್ಪಿ ಹಾಕಿಕೊಂಡು. ವರ್ನಾ ಎದ್ದು ನೀಲಕ್ಕನ ಕೆನ್ನೆಗೆ ಕೆನ್ನೆ ತಾಗಿಸಿದರು. ತಬ್ಬಲಿಲ್ಲ. ಅವರು ಆಡಿದ ಇಂಗ್ಲಿಷನ್ನು ನಾನಿಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ದಪ್ಪಗಾಗಿದ್ದೀಯ ನೀಲಾ."

"ನೀ ಹಂಗ ಇದ್ದೀ ವರ್ನಕ್ಕ," ಎಂದರು ನೀಲಕ್ಕ, ಕನ್ನಡದಲ್ಲೇ. ವರ್ನಾಗೆ ಅಷ್ಟು ಕನ್ನಡ ಅರ್ಥವಾಗುತ್ತಿತ್ತು.

ಗಂಟೆ ಬಡಿಯಿತು. ಮೊದಲು ಕುಂಬಳಕಾಯಿಯ ಸೂಪು. ಆಮೇಲೆ ಅಂಗೈ ಅಗಲದ ತಟ್ಟೆಯ ನಡುವೆ ಹಲಸಿನ ಜಾತಿಯ ಜೀಗುಜ್ಜೆಕಾಯಿಯ ಸುಟ್ಟ ಎರಡು ಹೋಳು, ಕೆಸುವಿನ ಸೊಪ್ಪಿನ ಹಸಿರು ಸಾಸು, ಮೇಲೊಂದು ಹೂವು. ಸಸ್ಯಾಹಾರವೇ ಬೇಕೆಂದು ವರ್ನಾ ಮೊದಲೇ ಹೇಳಿಟ್ಟಿದ್ದರು. ಜೀಗುಜ್ಜೆ ತಮ್ಮ ಹಿತ್ತಲಿನದೇ, ಈ ಅಡಿಗೆಮನೆಗೆ ಕಾಯಿ ಕಳಿಸುವವಳು ತಾನೇ ಎಂದರು. ಕಾರ್ಖಾನೆಯಲ್ಲಿ ಯಾರಿದ್ದಾರೆ, ಯಾರು ಹೋದರು, ಶಿವಪ್ಪ ಹೇಗೆ ಹೋದ, ಎಲ್ಲ ಕೇಳಿದರು. ನೀಲಕ್ಕ ಉತ್ತರ ಹೇಳುತ್ತಿದ್ದರೇ ಹೊರತು ಚಮಚ ಎತ್ತಿರಲಿಲ್ಲ.

ವರ್ನಾ ಸೂಪು ರುಚಿ ನೋಡಿ, ತೆಂಗಿನ ಚಿಪ್ಪಿನಲ್ಲಿಟ್ಟಿದ್ದ ಉಪ್ಪು ಒಂದು ಚಿಟಿಕೆ ಹಾಕಿಕೊಂಡು, ಚಿಪ್ಪನ್ನು ನೀಲಕ್ಕನ ಕಡೆ ಸರಿಸಿದರು. ನೀಲಕ್ಕ ಆ ಚಿಪ್ಪನ್ನು ನೋಡುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿದರು.

"ಸುಧಾ, ನಾ ಈಗ ಹೇಳೂದನ್ನ ನೀ ಇಂಗ್ಲಿಷನ್ಯಾಗ ಹೇಳಬೇಕು. ನನಗ ಅಷ್ಟು ಬರೂದಿಲ್ಲ. ಒಂದು ಮಾತೂ ಬಿಡಬ್ಯಾಡ."

ಅವರು ಹೇಳಿದ್ದು ಹೀಗೆ. ಕಾರ್ಖಾನೆಯ ಪ್ರತಿ ಹಂಡೆಗೂ ಒಂದು ಕಾರ್ಡು ತೂಗುಹಾಕಿರುತ್ತದೆ. ಯಾವ ಸಾಮಾನು ಹಾಕಿದರೂ ಹಾಕಿದವರು ಅದರ ಮುಂದೆ ಟಿಕ್ ಮಾಡಬೇಕು. ಒಂದು ದಿನ ನೀಲಕ್ಕ ಉಪ್ಪು ಹಾಕಿದರು, ಟಿಕ್ ಮಾಡಲು ಮರೆತು ಚಹಾಕ್ಕೆ ಹೋದರು. ವರ್ನಾ ಬಂದು ನೋಡಿದಾಗ ಟಿಕ್ ಇಲ್ಲ. ಅವರೂ ಹಾಕಿದರು. ಹಂಡೆಗಟ್ಟಲೆ ಗ್ರೇವಿ ಚರಂಡಿಗೆ ಹೋಯಿತು.

"ಮ್ಯಾನೇಜರ್ ಬರೂದ್ರೊಳಗ ನಾ ಓಡಿ ಹೋಗಿ ಟಿಕ್ ಮಾಡಿದೆ. ಮದ್ಲ ಮಾಡಿದ್ದೆ ಅಂತಂದೆ. ಕಾರ್ಡು ಓದಲಾರದ ಉಪ್ಪು ಹಾಕ್ಯಾಳ ಅಂತ ಇಕಿನ್ನ ಕೆಲಸದಿಂದ ತಗದ್ರು. ನಾ ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ."

ನಾನು ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ದಾಟಿಸುತ್ತ ಹೋದೆ. ಆ ಹೊತ್ತಿನಲ್ಲಿ ನನಗೆ ಏನನ್ನಿಸಿತು ಎಂದು ಯಾರಾದರೂ ಕೇಳಿದರೆ ಹೇಳಲಾರೆ. ಇನ್ನೊಬ್ಬರ ಮಾತನ್ನು ಹೊತ್ತು ಸಾಗಿಸುವವರಿಗೆ ತಮ್ಮದನ್ನು ನೋಡಿಕೊಳ್ಳಲು ಪುರಸೊತ್ತಿರುವುದಿಲ್ಲ. ಒಂದು ಕಡೆ ಮಾತ್ರ, ಹಿರಿಯರ ಬಾಯಲ್ಲಿ ಸುಳ್ಳೆಂಬ ಮಾತು ಬೇಡವೆಂದು, "ಅದು ಅವರ ಮಿಸ್ಟೇಕ್" ಎಂದು ಮೆತ್ತಗೆ ಮಾಡಿದೆ.

ನೀಲಕ್ಕ ನನ್ನ ಕೈಮೇಲೆ ಹೊಡೆದರು. "ಮಿಸ್ಟೇಕ್ ಅಲ್ಲ. ಮರತದ್ದು ಮಿಸ್ಟೇಕು. ಇದು ಸುಳ್ಳು." ವರ್ನಾಳ ಕಡೆ ತಿರುಗಿ ತಾವೇ ಹೇಳಿದರು: "ಲೈ, ವರ್ನಾ. ಐ ಟೋಲ್ಡ್ ಲೈ."

ವರ್ನಾ ಕರವಸ್ತ್ರದಿಂದ ತುಟಿ ಒರೆಸಿಕೊಂಡರು.

"ನನಗೆ ಗೊತ್ತಿತ್ತು," ಎಂದರು. "ಮ್ಯಾನೇಜರ್ ಕಾರ್ಡನ್ನು ನನ್ನ ಕೈಗೆ ಕೊಟ್ಟು ನೋಡು ಅಂದಾಗ ಆ ಟಿಕ್ ಮೇಲೆ ಹೆಬ್ಬೆರಳು ಇಟ್ಟೆ. ಶಾಯಿ ಇನ್ನೂ ಹಸಿ ಇತ್ತು. ಬೆರಳಿಗೆ ಹತ್ತಿತು."

"ಮತ್ತೆ ಯಾಕೆ ತೋರಿಸಲಿಲ್ಲ?" ಎಂದು ಕೇಳಿದವಳು ನಾನು.

"ಆ ತಿಂಗಳು ಇವಳ ಗಂಡ ಹಾರ್ಟಿನ ತೊಂದರೆಯಿಂದ ಆಸ್ಪತ್ರೆಯಲ್ಲಿದ್ದ. ಮಗಳು ಓದುತ್ತಿದ್ದಳು. ನಾನು ಒಂಟಿ ಹೆಂಗಸು. ಇರಲಿ, ನಾಳೆ ಅವಳೇ ಹೇಳುತ್ತಾಳೆ ಅಂದುಕೊಂಡೆ." ವರ್ನಾಳ ದನಿ ಏರಲಿಲ್ಲ. "ಹಾರ್ಲ್ಸ್‌ಡೆನ್‌ನ ನನ್ನ ಫ್ಲ್ಯಾಟಿನಲ್ಲಿ ಮೂರು ವಾರ ಕಾದೆ. ಬೆಲ್ ಆದಾಗೆಲ್ಲ ಇವಳೇ ಅಂದುಕೊಂಡು ಬಾಗಿಲು ತೆರೆದೆ. ಕೆಲಸ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ ನೀಲಾ. ನೀನು ಬರಲಿಲ್ಲ. ಬಸ್ಸಿನಲ್ಲಿ ಅರ್ಧ ಗಂಟೆ. ನೀನು ಬರಲಿಲ್ಲ."

ಪಕ್ಕದ ಅಟ್ಟದಲ್ಲಿ ಯಾರೋ ಫೋಟೋ ತೆಗೆಸಿಕೊಳ್ಳುತ್ತ ನಗುತ್ತಿದ್ದರು.

"ಬೈ ನನಗ," ಎಂದರು ನೀಲಕ್ಕ. "ಶೌಟ್ ಅಟ್ ಮಿ."

"ಇಲ್ಲಿ? ಮರದ ಮೇಲೆ? ಇನ್ನೊಮ್ಮೆ ನನ್ನನ್ನು ಹತ್ತಿಸುವುದಿಲ್ಲ ಇವರು." ವರ್ನಾ ನಗಲಿಲ್ಲ, ಆದರೆ ಟೊಪ್ಪಿ ತೆಗೆದು ಪಕ್ಕದ ಕುರ್ಚಿಯ ಮೇಲಿಟ್ಟರು. "ಬೈದರೆ ನಿನಗೆ ಹಗುರ. ನನಗೇನು ಸಿಕ್ಕಿತು? ಆ ಆಫೀಸಿನಲ್ಲಿ ನನ್ನ ಹೆಸರಿನ ಕಾಗದ ಇದೆ. ಇವಳು ಓದದೆ ಕೆಲಸ ಮಾಡುತ್ತಾಳೆ ಅಂತ ಬರೆದಿದೆ. ಪ್ರತಿ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಓದುವವಳು ನಾನು. ಇಲ್ಲಿ ಹೇಳಿದ್ದನ್ನು ಅಲ್ಲಿ ಹೋಗಿ ಹೇಳುತ್ತೀಯಾ?"

"ಹೇಳ್ತೀನಿ."

"ಹಾಗಾದರೆ ಈಗ ಉಣ್ಣು."

ನೀಲಕ್ಕನಿಗೆ ಉಣ್ಣಲಾಗಲಿಲ್ಲ. ಅವರ ತಟ್ಟೆಯ ಜೀಗುಜ್ಜೆಯನ್ನೂ ಆಮೇಲೆ ಬಂದ ತೆಂಗಿನಹಾಲಿನ ಸಿಹಿಯನ್ನೂ ವರ್ನಾ ಎಳೆದುಕೊಂಡು ತಿಂದರು, ನಿಧಾನವಾಗಿ, ಒಂದು ಚೂರೂ ಬಿಡದೆ. ಹೊರಡುವಾಗ ಕೆಳಗಿನವರೆಗೆ ಬಂದು ಕೈ ಕುಲುಕಿದರು. ಮನೆಗೆ ಬಾ ಎನ್ನಲಿಲ್ಲ. ನಾವು ಉಳಿದ ನಾಲ್ಕು ದಿನ ಸಮುದ್ರದ ದಂಡೆಯಲ್ಲಿ ಕೂತು ಕಳೆದೆವು.

ಲಂಡನ್ನಿಗೆ ಬಂದ ಮರುವಾರವೇ ನೀಲಕ್ಕ ಪಾರ್ಕ್ ರಾಯಲ್‌ಗೆ ಹೊರಟರು. ಕಾರಿನಲ್ಲಿ ಕರೆದೊಯ್ದವಳು ನಾನು. ವಿದ್ಯಾ ಬರಲಿಲ್ಲ. "ಮಮ್, ವೈ ನೌ? ಹೂ ಕೇರ್ಸ್?" ಎಂದು ಅತ್ತಿದ್ದಳು. ಅಮ್ಮನ ಹೆಸರು ಕೆಡುತ್ತದೆ ಎಂಬುದು ಅವಳ ಸಂಕಟ.

ಆಫೀಸಿನಲ್ಲಿದ್ದ ಹುಡುಗಿ ಹೊಸಬಳು. ಅಷ್ಟು ಹಳೆಯ ಕಾಗದಗಳನ್ನು ನಾಶ ಮಾಡಿದ್ದಾರೆ, ಈಗ ತಿದ್ದಲು ಏನೂ ಇಲ್ಲ ಎಂದಳು.

"ಇಲ್ಲಂದ್ರ ಹೊಸಾದು ಬರಿ," ಎಂದು ನೀಲಕ್ಕ ಕುರ್ಚಿ ಎಳೆದುಕೊಂಡು ಕೂತರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆ ಹುಡುಗಿ ನಾವು ಹೋಗುತ್ತೇವೆಂದು ಅರ್ಧ ಗಂಟೆ ಕಾದಳು. ಕೊನೆಗೆ ಮ್ಯಾನೇಜರನ್ನು ಕರೆಸಿದಳು.

ಅವರು ಹಳಬರು. ವರ್ನಾಳನ್ನು ತೆಗೆದವರು ಅವರೇ. ಮೊದಲು ಅವರೂ "ಬಿಡು ನೀಲಾ, ಹಳೆಯ ಕಥೆ," ಎಂದರು. ನೀಲಕ್ಕ ತಮ್ಮ ಇಂಗ್ಲಿಷಿನಲ್ಲೇ, ಈ ಸಲ ನನ್ನ ಸಹಾಯವಿಲ್ಲದೆ, ಟಿಕ್‌ನ ಕಥೆಯನ್ನು ಮೊದಲಿನಿಂದ ಹೇಳಿದರು. ದಾರಿಯುದ್ದಕ್ಕೂ ಕಾರಿನಲ್ಲಿ ಬಾಯಿಪಾಠ ಮಾಡಿದ್ದರು. ಮ್ಯಾನೇಜರ್ ಕನ್ನಡಕ ತೆಗೆದು ಮೂಗು ಒತ್ತಿಕೊಂಡರು. "ಅವಳು ಟಿಕ್ ಇರಲಿಲ್ಲ ಅಂತ ನಾಲ್ಕು ಸಲ ಹೇಳಿದಳು. ನಾನು ಕಾರ್ಡನ್ನು ನಂಬಿದೆ," ಎಂದರು. ಆಮೇಲೆ ತಾವೇ ಕಂಪ್ಯೂಟರ್ ಮುಂದೆ ಕೂತು ಅರ್ಧ ಪುಟ ಬರೆದರು: ವರ್ನಾ ಕಾರ್ಡು ಓದಿಯೇ ಕೆಲಸ ಮಾಡಿದ್ದರು, ತಪ್ಪು ಅವರದಲ್ಲ, ತೆಗೆದದ್ದು ಸರಿಯಲ್ಲ. ಸಹಿ ಹಾಕಿದರು.

ಬರುವಾಗ ನೀಲಕ್ಕ ಕ್ಯಾಂಟೀನಿನ ಗೋಡೆಯ ಮುಂದೆ ನಿಂತು, ಆ ಫೋಟೋ ತೆಗೆದುಬಿಡಿ ಎಂದರು. ಮ್ಯಾನೇಜರ್ ಒಪ್ಪಲಿಲ್ಲ. "ಇಪ್ಪತ್ತು ವರ್ಷ ಕೆಲಸ ಮಾಡಿದ್ದೂ ಸುಳ್ಳೇನು?"

ಸುದ್ದಿ ನಿಲ್ಲಲಿಲ್ಲ. ಜೊತೆಗೆ ಕೆಲಸ ಮಾಡಿದ ಕೆಲವು ಹೆಂಗಸರು ಬಸ್ ಸ್ಟಾಪಿನಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದರು. ಯುಗಾದಿ ಊಟದಲ್ಲಿ ಸಾರಿನ ಜವಾಬ್ದಾರಿ ಬೇರೆಯವರಿಗೆ ಹೋಯಿತು. ನೀಲಕ್ಕ ಎಲೆಯ ಮುಂದೆ ಕೂತು ಉಂಡು ಬಂದರು.

ವರ್ನಾಗೆ ಕಳಿಸಿದ ಕಾಗದಕ್ಕೆ ತಿಂಗಳುಗಟ್ಟಲೆ ಉತ್ತರವಿರಲಿಲ್ಲ. ನಾನು ಮದುವೆಯಾಗಿ ಸ್ಟ್ಯಾನ್ಮೋರಿಗೆ ಹೋದೆ. ವಿದ್ಯಾಳ ಮಗು ಹೊರಳಲು ಕಲಿತು, ಕೂರಲು ಕಲಿಯಿತು. ಚಳಿ ಶುರುವಾಗುವ ಹೊತ್ತಿಗೆ ಒಂದು ದಿನ ನೀಲಕ್ಕ ಫೋನ್ ಮಾಡಿದರು.

"ಸುಧಾ, ಕಾಗದ ಬಂದೈತಿ. ಓದತೀನಿ ಕೇಳು." ಅಕ್ಷರ ಕೂಡಿಸಿ ಓದಿದರು. ಮ್ಯಾನೇಜರನ ಪತ್ರವನ್ನು ಕಟ್ಟು ಹಾಕಿಸಿ, ಬಂದವರು ಕೂರುವ ಕೋಣೆಯಲ್ಲಿಟ್ಟಿದ್ದೇನೆ. ಡಿಸೆಂಬರಿಗೆ ಪಿಜನ್ ಪೀಸ್ ಬರುತ್ತದೆ. ಮನಸ್ಸಿದ್ದರೆ ಬಾ. ಅಷ್ಟೇ.

"ಪಿಜನ್ ಪೀಸ್ ಅಂದರೆ?" ಎಂದೆ.

"ತೊಗರಿ ಬೇ! ಹಸೇ ತೊಗರಿಕಾಯಿ! ಗಿಡದಿಂದ ಹರಕೊಂಡು ತಿಂದು ಮೂವತ್ತು ವರ್ಷ ಆತು ನಾ." ಫೋನಿನಲ್ಲಿ ಅವರು ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ.

ಆ ಚಳಿಗಾಲ ಒಬ್ಬರೇ ಹೋದರು. ಮರುವರ್ಷವೂ, ಅದರ ಮರುವರ್ಷವೂ. ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗುತ್ತಿದ್ದರು. ವರ್ನಾ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಅದರ ಮೇಲೆ ಉದುರಿಸಿಕೊಂಡು ತಿನ್ನುತ್ತಾಳೆ, ನೋಡಲಾಗುವುದಿಲ್ಲ ಎಂದು ದೂರುತ್ತಿದ್ದರು. ಇಬ್ಬರೂ ಮತ್ತೆ ಆ ಮರದ ಮೇಲಿನ ಹೋಟೆಲಿಗೆ ಹೋದರೇ ಎಂದು ಒಮ್ಮೆ ಕೇಳಿದೆ. "ಏನ ಮಾಡೂದೈತಿ ಅಲ್ಲಿ? ಹೂವಾ ಇಟ್ಟು ಎರಡು ಹೋಳು ಕೊಡ್ತಾರ," ಎಂದರು.

ನಾಲ್ಕನೆಯ ಚಳಿಗಾಲದಲ್ಲಿ ಅವರನ್ನು ಗ್ಯಾಟ್‌ವಿಕ್ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದವಳು ನಾನು. ಮೊದಲಿಗಿಂತ ನಿಧಾನ ನಡೆಯುತ್ತಿದ್ದರು. ಟ್ರಾಲಿ ತಳ್ಳಿಕೊಂಡು ಸಾಲಿನೊಳಗೆ ಹೋದವರು ತಿರುಗಿ ನಿಂತು, "ಮಾರ್ಚ್‌ದಾಗ ಬರ್ತೀನಿ. ಮನಿ ಕಡೆ ಒಂದೀಟು ಲಕ್ಷ್ಯ ಇಡು. ಬಾಯ್ಲರ್ ಸಪ್ಪಳ ಮಾಡಾಕತ್ತೈತಿ," ಎಂದರು. ನಾನು ಆಗಲಿ ಎಂದೆ.

ಫೆಬ್ರವರಿಯ ಒಂದು ಮಧ್ಯಾಹ್ನ ಆಫೀಸಿಗೆ ವರ್ನಾಳ ಫೋನು ಬಂತು. ವಿದ್ಯಾಗೆ ಆಗಲೇ ತಿಳಿಸಿಯಾಗಿದೆ, ಅವಳು ವಿಮಾನದಲ್ಲಿದ್ದಾಳೆ, ಆ ದಿನ ಮಾತು ದಾಟಿಸಿದವಳು ನೀನು, ನಿನಗೂ ಹೇಳಬೇಕು ಅನ್ನಿಸಿತು ಎಂದರು. ನಿನ್ನೆ ಬೆಳಗಿನ ತಿಂಡಿ ಮುಗಿಸಿ ಇಬ್ಬರೂ ಜಗಲಿಯಲ್ಲಿ ಕೂತು ತೊಗರಿಕಾಯಿ ಬಿಡಿಸುತ್ತಿದ್ದರಂತೆ. ವರ್ನಾ ನೀರು ತರಲೆಂದು ಒಳಗೆ ಹೋಗಿ ಬರುವಷ್ಟರಲ್ಲಿ ನೀಲಕ್ಕ ಗೋಡೆಗೆ ತಲೆಯಾನಿಸಿ ಕೂತಲ್ಲೇ ತೀರಿಕೊಂಡಿದ್ದರು. ಬೋಗುಣಿ ತೊಡೆಯ ಮೇಲೇ ಇತ್ತು, ಒಂದು ಕಾಳೂ ಚೆಲ್ಲಿರಲಿಲ್ಲ.

"ಡಾಕ್ಟರು ಬಂದರು, ಅಕ್ಕಪಕ್ಕದವರು ಬಂದರು," ಎಂದರು ವರ್ನಾ. "ಅವಳನ್ನು ಕರೆದುಕೊಂಡು ಹೋದ ಮೇಲೆ ಜಗಲಿಗೆ ಬಂದೆ. ಕಾಯಿ ಇನ್ನೂ ಅರ್ಧ ಬುಟ್ಟಿ ಉಳಿದಿತ್ತು. ಕೂತು ಅದನ್ನೂ ಬಿಡಿಸಿದೆ."

"ಕಾಳು ಏನು ಮಾಡಿದಿರಿ?" ಎಂದೆ.

"ಬೇಯಿಸಿದೆ. ಹಸಿಕಾಳು ನಾಳೆಗೆ ಉಳಿಯಲ್ಲ," ಎಂದರು. "ಎರಡು ತಟ್ಟೆಗೆ ಬಡಿಸಿದೆ. ಎರಡನ್ನೂ ನಾನೇ ತಿಂದೆ."